ನಾರ್ತ್ ಸಿಡ್ನಿಯಿಂದ, ಕಂತು 17: ಆಲ್ಬಂ ಬಗ್ಗೆ ಮಾತಾಡೋಕೆ ನೀನ್ಯಾರು?

ಕಳೆದ ಕಂತಿನಲ್ಲಿ ಹಾರ್ಬರ್ ಸೇತುವೆ ಕಟ್ಟಿದ ಕಥೆ ಬರೆದಾಗ ಚಿಕ್ಕಪ್ಪ ಕೆಳಗೆ ಹೀಗೆ ಬರೆದಿದ್ದರು: "ಇತಿಹಾಸ ಅಂದ್ರೆ ಬರೀ ಕಬ್ಬಿಣ ಕಲ್ಲು ಅಲ್ಲ ಕಣೇ, ಅಲ್ಲಿನ ಜನ ಯಾವುದಕ್ಕೆ ಜಗಳ ಆಡ್ತಾರೆ ಅದನ್ನೂ ಬರಿ." ಸರಿ ಚಿಕ್ಕಪ್ಪ. ಇಲ್ಲಿನವರು ಮನೆ ಬೆಲೆಗೆ ಜಗಳ ಆಡ್ತಾರೆ, ಫುಟ್‌ಬಾಲಿಗೆ ಆಡ್ತಾರೆ, ಆಮೇಲೆ ಹಳೆಯ ರಾಕ್ ಆಲ್ಬಂಗಳಿಗೆ ಆಡ್ತಾರೆ. ಮೊದಲನೆಯದು ನನ್ನ ಸಂಬಳಕ್ಕೆ ಎಟುಕೋದಿಲ್ಲ, ಎರಡನೆಯದು ಹತ್ತು ವರ್ಷವಾದರೂ ಅರ್ಥವಾಗಿಲ್ಲ. ಮೂರನೆಯದರಲ್ಲಿ ಮಾತ್ರ ನಾನೂ ಪಾಲುದಾರಳು.

ನೈಟ್ ಶಿಫ್ಟ್ ಮುಗಿಸಿ ಬಂದ ಮೇಲೆ ನಿದ್ದೆ ಬರುವ ತನಕ ಆನ್‌ಲೈನಿನಲ್ಲಿ ಆಲ್ಬಂಗಳ ಬಗ್ಗೆ ಹರಟುವವರ ಜೊತೆ ನಾನೂ ಹರಟುತ್ತೇನೆ. ಮೊನ್ನೆ ಎಸಿ ಡಿಸಿ ಬ್ಯಾಂಡಿನ 'ಬ್ಯಾಕ್ ಇನ್ ಬ್ಲ್ಯಾಕ್' ಬಗ್ಗೆ ಹತ್ತು ಸಾಲು ಬರೆದೆ. ಒಬ್ಬ ಮಹಾಶಯ ಕೇಳಿದ: "ಇದನ್ನು ನಿನ್ನ ಗಂಡ ಬರೆದುಕೊಟ್ಟನಾ?" ನನ್ನ ಗಂಡನಿಗೆ ರಾಜ್‌ಕುಮಾರ್ ಹಾಡು ಬಿಟ್ಟರೆ ಬೇರೆ ಲೋಕವೇ ಇಲ್ಲ, ಪಾಪ! ಆ ಮಹಾಶಯನಿಗೆ ಉತ್ತರ ಕೊಡಲಿಲ್ಲ. ಆದರೆ ಅವನ ಪ್ರಶ್ನೆ ಒಳಗೆ ಕೂತುಬಿಟ್ಟಿತು. ರಾಕ್ ಸಂಗೀತದ ಬಗ್ಗೆ ಅಭಿಪ್ರಾಯ ಹೇಳುವ ಹಕ್ಕು ಯಾರದ್ದು? ಈ ದೇಶದಲ್ಲಿ ಅದನ್ನು ಮೊದಮೊದಲು ಹೇಳಿದವರು ಯಾರು? ಹುಡುಕುತ್ತಾ ಹೋದಾಗ ಸಿಕ್ಕಿದ ಕಥೆ ಇದು.

ಮೊದಲು ಅಮ್ಮನ ಪ್ರಶ್ನೆಗೆ ಉತ್ತರ: "ಆಲ್ಬಂ ಅಂದ್ರೆ ಫೋಟೋ ಹಚ್ಚೋದಲ್ವಾ?" ಅಮ್ಮಾ, 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿ 'ನಿತ್ಯೋತ್ಸವ' ಕ್ಯಾಸೆಟ್ ಬಂತಲ್ಲ, ಅದೇ ಆಲ್ಬಂ. ಬಿಡಿ ಹಾಡಲ್ಲ, ಒಂದು ಮಾಲೆ. ಯಾವ ಹಾಡಿನ ಹಿಂದೆ ಯಾವುದು ಬರಬೇಕು, ಯಾವುದರಿಂದ ಶುರುವಾಗಬೇಕು, ಎ ಬದಿ ಮುಗಿದು ಬಿ ಬದಿಗೆ ತಿರುಗಿಸುವಾಗ ಮನಸ್ಸಿನಲ್ಲಿ ಏನು ಉಳಿದಿರಬೇಕು, ಎಲ್ಲ ಲೆಕ್ಕ ಹಾಕಿ ಕಟ್ಟಿದ್ದು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ 33 ಚಿಲ್ಲರೆ ಸುತ್ತು ತಿರುಗುವ ದೊಡ್ಡ ತಟ್ಟೆ ತಂದ ಮೇಲೆ ಒಂದೊಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಮೀರಿ ಹಾಡು ಹಿಡಿಯಿತು. ಅಲ್ಲಿಂದಲೇ ಈ ಜಗಳಗಳ ಹುಟ್ಟು. ನಮ್ಮಲ್ಲೂ ಇತ್ತಲ್ಲ. ಅನಂತಸ್ವಾಮಿಯವರಾ, ಅಶ್ವತ್ಥರಾ ಅಂತ ನಮ್ಮ ಜಗಲಿಯ ಮೇಲೆ ಎಷ್ಟು ಸಂಜೆ ಚಹಾ ಆರಿ ತಣ್ಣಗಾಗಿದೆ! ಆ ಜಗಳದಲ್ಲಿ ಅಮ್ಮ, ಅತ್ತೆ ಯಾರೂ ಇರುತ್ತಿರಲಿಲ್ಲ. ಅವರು ಚಹಾ ತರುತ್ತಿದ್ದರು. ಒಳಗೆ ಅಡಿಗೆಮನೆಯಲ್ಲಿ ಅವೇ ಹಾಡುಗಳನ್ನು ಪೂರ್ತಿ ಬಾಯಿಪಾಠ ಹೇಳುತ್ತಿದ್ದವರೂ ಅವರೇ.

ಈಗ ಲಿಲಿಯನ್ ರಾಕ್ಸನ್ ವಿಷಯಕ್ಕೆ ಬರ್ತೀನಿ. ಏಕವಚನದಲ್ಲಿ ಬರೆಯುತ್ತಿದ್ದೇನೆ, ಹಿರಿಯರು ಬೇಸರ ಮಾಡಿಕೊಳ್ಳಬೇಡಿ. ಮನೆಯಲ್ಲಿ ಅಕ್ಕನನ್ನು ಯಾರು ಬಹುವಚನದಲ್ಲಿ ಕರೆಯುತ್ತಾರೆ?

ಲಿಲಿಯನ್ ಹುಟ್ಟಿದ್ದು 1932ರಲ್ಲಿ, ಇಟಲಿಯ ಅಲಾಸಿಯೋ ಎಂಬ ಕಡಲತೀರದ ಊರಿನಲ್ಲಿ. ಪೋಲೆಂಡ್ ಮೂಲದ ಯಹೂದಿ ಕುಟುಂಬ, ಅಪ್ಪ ಡಾಕ್ಟರು. ಮನೆತನದ ಹೆಸರು ರಾಪ್‌ಶಿಟ್ಸ್. ಯುರೋಪಿನಲ್ಲಿ ಗಾಳಿ ಕೆಟ್ಟದಾಗಿ ಬೀಸತೊಡಗಿದ್ದನ್ನು ಕಂಡು 1930ರ ದಶಕದ ಕೊನೆಗೆ ಅವರು ಗಂಟುಮೂಟೆ ಕಟ್ಟಿ ಆಸ್ಟ್ರೇಲಿಯಾದ ಬ್ರಿಸ್ಬೇನಿಗೆ ಬಂದರು. ಇಲ್ಲಿನವರ ನಾಲಿಗೆಗೆ ಆ ಹೆಸರು ತಿರುಗಲಿಲ್ಲ. 'ರಾಕ್ಸನ್' ಅಂತ ಇಟ್ಟುಕೊಳ್ಳೋಣ ಅಂದವಳು ಪುಟ್ಟ ಲಿಲಿಯನ್ನೇ ಅಂತೆ. ರಾಕ್ ಎಂಬ ಸಂಗೀತ ಹುಟ್ಟುವ ಎಷ್ಟೋ ಮೊದಲೇ ಅದು ಅವಳ ಹೆಸರಿನಲ್ಲಿ ಬಂದು ಕೂತಿತ್ತು ನೋಡಿ. ನನ್ನ ಹೆಸರನ್ನು ವಾರ್ಡಿನಲ್ಲಿ ಅರ್ಧಕ್ಕೆ ಕತ್ತರಿಸಿ ಕರೆಯುತ್ತಾರೆ ಅಂತ ನಾಲ್ಕನೇ ಕಂತಿನಲ್ಲಿ ಗೊಣಗಿದ್ದೆನಲ್ಲ, ಆ ಕಷ್ಟ ಹಳೆಯದು.

ಸಿಡ್ನಿ ವಿಶ್ವವಿದ್ಯಾಲಯಕ್ಕೆ ಓದಲು ಬಂದ ಲಿಲಿಯನ್ 'ಪುಶ್' ಎಂಬ ಗುಂಪಿಗೆ ಸೇರಿಕೊಂಡಳು. ಚರ್ಚು, ಸರ್ಕಾರ, ಸಂಪ್ರದಾಯ ಯಾವುದಕ್ಕೂ ತಲೆಬಾಗದೆ ಪಬ್ಬುಗಳಲ್ಲಿ ಕೂತು ಗಂಟೆಗಟ್ಟಲೆ ವಾದ ಮಾಡುವ ಗುಂಪು ಅದು. ಆಗಿನ ಕಾಲಕ್ಕೆ ಹೆಣ್ಣುಮಕ್ಕಳು ಪಬ್ಬಿನಲ್ಲಿ ಕೂರುವುದೇ ದೊಡ್ಡ ಸಂಗತಿ. ಲಿಲಿಯನ್ ಬೆಳೆದ ಬ್ರಿಸ್ಬೇನಿನಲ್ಲಿ 1965ರಲ್ಲೂ ಪಬ್ಬಿನ ಮುಖ್ಯ ಕೋಣೆಗೆ ಹೆಂಗಸರಿಗೆ ಪ್ರವೇಶ ಇರಲಿಲ್ಲ. ಅದನ್ನು ವಿರೋಧಿಸಿ ಇಬ್ಬರು ಹೆಂಗಸರು ರಿಗಾಟಾ ಹೋಟೆಲಿನಲ್ಲಿ ತಮ್ಮನ್ನೇ ಸರಪಳಿಯಿಂದ ಬಿಗಿದುಕೊಂಡು ಕೂತರು. ಅಂಥ ಕಾಲ.

ಓದು ಮುಗಿಸಿ ಸಿಡ್ನಿಯ 'ವೀಕೆಂಡ್' ಎಂಬ ಮಸಾಲೆ ಪತ್ರಿಕೆಯಲ್ಲಿ ಕೆಲಸ ಮಾಡಿ, 1959ರಲ್ಲಿ ನ್ಯೂಯಾರ್ಕಿಗೆ ಹೋದಳು. 1962ರಿಂದ ಅಲ್ಲಿ 'ಸಿಡ್ನಿ ಮಾರ್ನಿಂಗ್ ಹೆರಾಲ್ಡ್' ಪತ್ರಿಕೆಯ ವರದಿಗಾರ್ತಿ. ಅಂದರೆ ಅವಳು ಹೊರದೇಶದಿಂದ ಊರಿಗೆ ಬರೆಯುವ ಹೆಣ್ಣುಮಗಳು. ಮೊದಲು ಇಟಲಿ ಬಿಟ್ಟು ಬ್ರಿಸ್ಬೇನ್, ಆಮೇಲೆ ಸಿಡ್ನಿ ಬಿಟ್ಟು ನ್ಯೂಯಾರ್ಕ್. ಎರಡು ಸಲ ವಲಸೆ ಹೋದವಳು. ಸಿಡ್ನಿಯ ಓದುಗರಿಗೆ ಅಮೆರಿಕದ ಹಾಡುಗಾರರು ಯಾರು, ಅವರ ಹಾಡಿನಲ್ಲಿ ಏನಿದೆ, ಏನಿಲ್ಲ ಅಂತ ತಿಳಿಸಿದ ಕಣ್ಣು ಅವಳದ್ದು. 'ಮ್ಯಾಕ್ಸಸ್ ಕಾನ್ಸಾಸ್ ಸಿಟಿ' ಎಂಬ ಹೋಟೆಲಿನ ಹಿಂದಿನ ಕೋಣೆಯಲ್ಲಿ ಹಾಡುಗಾರರು, ಚಿತ್ರಕಾರರು, ಪತ್ರಕರ್ತರು ರಾತ್ರಿಯಿಡೀ ಸೇರುತ್ತಿದ್ದರು. ಅಲ್ಲಿ ಅವಳೂ ಇರುತ್ತಿದ್ದಳು. ಆ ಕಾಲದಲ್ಲಿ ದೊಡ್ಡ ಪತ್ರಿಕೆಗಳಿಗೆ ರಾಕ್ ಅಂದರೆ ಹುಡುಗರ ಕೂಗಾಟ, ಅಷ್ಟೆ. ಅದರ ಬಗ್ಗೆ ಗಂಭೀರವಾಗಿ ಬರೆಯಬಹುದು ಅಂತ ತೋರಿಸಿದ ಮೊದಲ ಕೆಲವರಲ್ಲಿ ಲಿಲಿಯನ್ ಒಬ್ಬಳು.

1969ರಲ್ಲಿ ಅವಳ 'ರಾಕ್ ಎನ್‌ಸೈಕ್ಲೋಪೀಡಿಯಾ' ಬಂತು. ರಾಕ್ ಸಂಗೀತಕ್ಕೆ ಜಗತ್ತಿನ ಮೊದಲ ವಿಶ್ವಕೋಶ ಎಂದೇ ಅದಕ್ಕೆ ಹೆಸರು. ಇಂಟರ್ನೆಟ್ ಇಲ್ಲದ ಕಾಲ. ಯಾವ ಬ್ಯಾಂಡಿನಲ್ಲಿ ಯಾರಿದ್ದರು, ಯಾವ ಆಲ್ಬಂ ಯಾವಾಗ ಬಂತು, ಅದರಲ್ಲಿ ಯಾವ ಯಾವ ಹಾಡು, ಎಲ್ಲವನ್ನೂ ಫೋನ್ ಮಾಡಿ, ಕಂಪನಿಗಳ ಬೆನ್ನು ಹತ್ತಿ ಒಟ್ಟುಮಾಡಬೇಕು. ಅವಳು ಬರೆಯುತ್ತಿರುವಾಗಲೇ ಬ್ಯಾಂಡುಗಳು ಒಡೆಯುತ್ತಿದ್ದವು, ಹೊಸವು ಹುಟ್ಟುತ್ತಿದ್ದವು. ನಮ್ಮ ವಾರ್ಡಿನಲ್ಲಿ ಶಿಫ್ಟ್ ಬದಲಾಗುವಾಗ ಹ್ಯಾಂಡೋವರ್ ಬರೆಯುತ್ತೇವಲ್ಲ, ಬರೆದು ಮುಗಿಸುವಷ್ಟರಲ್ಲಿ ಮೂರನೇ ಬೆಡ್ ಡಿಸ್ಚಾರ್ಜ್ ಆಗಿ ಬೇರೆಯವರು ಬಂದಿರುತ್ತಾರೆ. ಹಾಗೆ. ಆದರೆ ಆ ಪುಸ್ತಕದ ಗುಣ ಪಟ್ಟಿಯಲ್ಲಿ ಇಲ್ಲ. ವಿಶ್ವಕೋಶ ಅಂದರೆ ನಮಗೆ ಇಸ್ತ್ರಿ ಮಾಡಿದ ಭಾಷೆ ನೆನಪಾಗುತ್ತದೆ. ಇವಳದ್ದು ಹಾಗಲ್ಲ. ಇಷ್ಟವಾದದ್ದನ್ನು ಇಷ್ಟ ಅಂದಳು, ಯಾರನ್ನಾದರೂ ಅತಿಯಾಗಿ ಹೊಗಳುತ್ತಿದ್ದಾರೆ ಅನ್ನಿಸಿದರೆ ಅದನ್ನೂ ಬರೆದಳು. ವೇದಿಕೆಯ ಮೇಲಿನವರು ಹಾಕಿಕೊಂಡ ಬಟ್ಟೆಯಿಂದ ಹಿಡಿದು ಕೆಳಗೆ ನಿಂತ ಹುಡುಗಿಯರ ಕಣ್ಣಿನ ತನಕ ನೋಡಿದಳು. ಕೇಳುವವರೂ ಈ ಸಂಗೀತದ ಭಾಗ ಅಂತ ಅವಳಿಗೆ ಗೊತ್ತಿತ್ತು. ಅವಳ ನಂತರ ಬಂದ ಎಷ್ಟೋ ಪಂಡಿತರಿಗೆ ಅದು ಇವತ್ತಿಗೂ ಗೊತ್ತಾಗಿಲ್ಲ ಅಂತ ನನ್ನ ಅಭಿಪ್ರಾಯ.

ಅಭಿಪ್ರಾಯಕ್ಕೆ ಬೆಲೆಯನ್ನೂ ತೆತ್ತಳು. ಲಿಂಡಾ ಈಸ್ಟ್‌ಮನ್ ಎಂಬ ಫೋಟೋಗ್ರಾಫರ್ ಅವಳ ಪ್ರಾಣಸ್ನೇಹಿತೆ. 1969ರ ಮಾರ್ಚಿನಲ್ಲಿ ಲಿಂಡಾ ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿಯನ್ನು ಮದುವೆಯಾದಳು. ಆಮೇಲೆ ನ್ಯೂಯಾರ್ಕಿನ ಹಳೆಯ ಗೆಳತಿಯರ ಜೊತೆ ಮಾತು ನಿಂತಿತು. ಲಿಲಿಯನ್ ತುಂಬಾ ನೊಂದಳು. 1973ರ ಏಪ್ರಿಲಿನಲ್ಲಿ ಪಾಲ್ ದಂಪತಿಯ ವಿಶೇಷ ಟಿವಿ ಕಾರ್ಯಕ್ರಮ ಅಮೆರಿಕದಲ್ಲಿ ಬಂದಾಗ ಅವಳು ಬರೆದ ವಿಮರ್ಶೆ ಎಷ್ಟು ಖಾರವಾಗಿತ್ತೆಂದರೆ, ಅದರಲ್ಲಿ ಸಂಗೀತ ಎಷ್ಟು, ಮುರಿದ ಗೆಳೆತನ ಎಷ್ಟು ಅಂತ ಇವತ್ತಿಗೂ ಮಾತಾಡುತ್ತಾರೆ. ವಿಮರ್ಶಕಿಯಾಗಿ ಅದು ಸರಿಯಲ್ಲ ಅಂತ ನನಗೂ ಅನ್ನಿಸುತ್ತದೆ. ಆದರೆ ಗೆಳತಿಯಾಗಿ? ಊರು ಬಿಟ್ಟವರಿಗೆ ಗೆಳತಿಯರೇ ಬಂಧುಬಳಗ. ಹಾಗಾಗಿ ತೀರ್ಪು ಕೊಡಲು ನನಗೆ ಮನಸ್ಸಿಲ್ಲ.

ಅದಾಗಿ ನಾಲ್ಕು ತಿಂಗಳಿಗೆ, 1973ರ ಆಗಸ್ಟ್ 10ರಂದು, ತನ್ನ ಅಪಾರ್ಟ್‌ಮೆಂಟಿನಲ್ಲಿ ಲಿಲಿಯನ್ ಆಸ್ತಮಾದಿಂದ ತೀರಿಕೊಂಡಳು. ವಯಸ್ಸು 41. ಇದನ್ನು ಓದಿದಾಗ ನನ್ನೊಳಗಿನ ನರ್ಸ್ ಎದ್ದು ಕೂತಳು. ಊರಲ್ಲಿ ಅಜ್ಜಿಯ ದಿಂಬಿನ ಪಕ್ಕ ನೀಲಿ ಪಂಪು ಇರುತ್ತದಲ್ಲ, ಸಾಲ್ಬುಟಮಾಲ್, ಅದು ಬ್ರಿಟನ್ನಿನಲ್ಲಿ 1969ರಲ್ಲೇ ಬಂದಿತ್ತು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1981ರಲ್ಲಿ! ದಿನಾ ಎಳೆದುಕೊಂಡು ಶ್ವಾಸನಾಳದ ಊತ ಇಳಿಸುವ ಸ್ಟಿರಾಯ್ಡ್ ಪಂಪು ಬ್ರಿಟನ್ನಿಗೆ 1972ರಲ್ಲಿ, ಅಮೆರಿಕಕ್ಕೆ 1976ರಲ್ಲಿ. ಅವಳಿದ್ದ ಊರಿಗೆ ಎರಡೂ ತಲುಪಿರಲಿಲ್ಲ. ಇದ್ದಿದ್ದರೆ ಬದುಕುತ್ತಿದ್ದಳು ಅಂತ ಯಾರೂ ಹೇಳಲಾರರು. ಆದರೆ ಆಸ್ತಮಾದಲ್ಲಿ ಉಸಿರು ಕಟ್ಟಿ ಬಂದವರನ್ನು ಎಮರ್ಜೆನ್ಸಿಯಲ್ಲಿ ನೋಡಿದ ನನಗೆ ಆ ವರ್ಷಗಳ ಲೆಕ್ಕ ತಲೆಯಿಂದ ಹೋಗುವುದಿಲ್ಲ. (ಅತ್ತಿಗೆ, ಪಾಪುವಿಗೆ ಕೊಟ್ಟಿರುವ ಪಂಪನ್ನು "ಈಗ ಚೆನ್ನಾಗಿದ್ದಾನೆ" ಅಂತ ನೀವಾಗಿಯೇ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ.) ಇನ್ನೊಂದು ನಂಟು ಕೇಳಿ: ಲಿಲಿಯನ್‌ಳ ತಮ್ಮನ ಮಗಳು ನಿಕೋಲಾ ರಾಕ್ಸನ್ ಮುಂದೆ ಈ ದೇಶದ ಆರೋಗ್ಯ ಸಚಿವೆಯಾದರು. ನರ್ಸ್ ಪ್ರಾಕ್ಟೀಷನರುಗಳ ಚಿಕಿತ್ಸೆಗೆ 2010ರಲ್ಲಿ ಮೆಡಿಕೇರ್ ಬಾಗಿಲು ತೆರೆದದ್ದು ಅವರ ಕಾಲದಲ್ಲೇ.

ಸಿಡ್ನಿಯ ಕಥೆ ಇದಾದರೆ, ಮೆಲ್ಬರ್ನಿನಲ್ಲಿ ಇನ್ನೊಬ್ಬಳು. ಹೆಸರೂ ಹೆಚ್ಚುಕಡಿಮೆ ಅದೇ: ಲಿಲಿ ಬ್ರೆಟ್. ಯುದ್ಧ ಮುಗಿದ ಮೇಲೆ 1946ರಲ್ಲಿ ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿದವಳು. ಅಪ್ಪ ಅಮ್ಮ ಆಶ್ವಿಟ್ಸ್ ಶಿಬಿರದಿಂದ ಬದುಕಿ ಬಂದವರು. ಮಗು ಎರಡು ವರ್ಷದ್ದಾಗಿದ್ದಾಗ ಮೆಲ್ಬರ್ನಿಗೆ ಬಂದರು. 1966ರ ಫೆಬ್ರವರಿಯಲ್ಲಿ ಮೊನಾಶ್ ವಿಶ್ವವಿದ್ಯಾಲಯದ ಹುಡುಗರು 'ಗೋ-ಸೆಟ್' ಎಂಬ ವಾರಪತ್ರಿಕೆ ಶುರುಮಾಡಿದರು. ದೇಶಕ್ಕೆಲ್ಲ ಅನ್ವಯವಾಗುವ ಹಾಡುಗಳ ಪಟ್ಟಿಯನ್ನು ಇಲ್ಲಿ ಮೊದಲು ಅಚ್ಚುಹಾಕಿದ್ದೂ ಅವರೇ. ಅದಕ್ಕೆ ಬರೆಯುತ್ತಿದ್ದ ಲಿಲಿ ಬ್ರೆಟ್, ಇಪ್ಪತ್ತು ಇಪ್ಪತ್ತೊಂದರ ಹುಡುಗಿ, 1967ರಲ್ಲಿ ಲಂಡನ್ನಿಗೂ ಅಮೆರಿಕದ ಮಾಂಟೆರಿ ಸಂಗೀತೋತ್ಸವಕ್ಕೂ ಹೋಗಿ, ಜಿಮಿ ಹೆಂಡ್ರಿಕ್ಸ್‌ನಂಥವರನ್ನು ಮಾತಾಡಿಸಿ ವರದಿ ಕಳಿಸಿದಳು. ವಯಸ್ಸಾದ ಮೇಲೆ ಅದನ್ನೇ 'ಲೋಲಾ ಬೆನ್ಸ್ಕಿ' ಎಂಬ ಕಾದಂಬರಿ ಮಾಡಿದಳು. ಲಿಲಿಯನ್ ರಾಕ್ಸನ್ ಕೂಡ ಅದರಲ್ಲಿ ಬರುತ್ತಾಳೆ. ಸೂಜಿಗಣ್ಣಿನಿಂದ ಪಾರಾಗಿ ಬಂದ ಮನೆಗಳ ಇಬ್ಬರು ಹೆಣ್ಣುಮಕ್ಕಳು ಈ ದೇಶಕ್ಕೆ ರಾಕ್ ಕೇಳುವುದನ್ನು ಹೇಳಿಕೊಟ್ಟರು. "ನಿನ್ನ ಗಂಡ ಬರೆದುಕೊಟ್ಟನಾ" ಅಂದ ಮಹಾಶಯ ಇದನ್ನು ಓದಲಿ ಅಂತ ಆಸೆ. ಕನ್ನಡ ಬರೋದಿಲ್ಲ ಅವನಿಗೆ, ಏನು ಮಾಡೋಣ.

ಮೆಲ್ಬರ್ನಿನಲ್ಲೇ ಹುಟ್ಟಿದ ಹಾಡುಗಾರ್ತಿ ಹೆಲೆನ್ ರೆಡ್ಡಿ ನ್ಯೂಯಾರ್ಕಿನಲ್ಲಿ ಲಿಲಿಯನ್‌ಳ ಗೆಳತಿ. (ಆ ರೆಡ್ಡಿಗೂ ನಮ್ಮ ಬಳ್ಳಾರಿ ಕಡೆಯ ರೆಡ್ಡಿಗೂ ಸಂಬಂಧವಿಲ್ಲ. ಮಾವ ಕೇಳುತ್ತಾರೆ ಅಂತ ಮೊದಲೇ ಹೇಳಿದೆ.) ಮಹಿಳಾ ಚಳವಳಿಯ ಪರಿಚಯ ಮಾಡಿಸಿದವಳು ಲಿಲಿಯನ್ ಅಂತ ಹೆಲೆನ್ ಹೇಳುತ್ತಿದ್ದಳು. ಅದರ ಫಲವಾಗಿ ಬಂದ 'ಐ ಆಮ್ ವುಮನ್' 1972ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು.

ಬರೆಯುವವರ ಮಾತಾಯಿತು, ಇನ್ನು ಬಾರಿಸಿದವರದ್ದು. ಅವರೂ ವಲಸಿಗರೇ. ಸಿಡ್ನಿಯ ಪಶ್ಚಿಮಕ್ಕೆ ವಿಲ್ಲಾವುಡ್ ಅಂತ ಇದೆ, ಈಗ ಅಲ್ಲಿ ವೀಸಾ ಇಲ್ಲದವರನ್ನು ಕೂಡಿಹಾಕುವ ಕೇಂದ್ರ. ಆಗ ಅಲ್ಲಿ ಹೊಸದಾಗಿ ಬಂದ ವಲಸಿಗರ ಹಾಸ್ಟೆಲ್ ಇತ್ತು. 1964ರಲ್ಲಿ ಆ ಹಾಸ್ಟೆಲಿನ ಹುಡುಗರು ಸೇರಿ 'ಈಸಿಬೀಟ್ಸ್' ಕಟ್ಟಿದರು. ಇಬ್ಬರು ಇಂಗ್ಲೆಂಡಿನವರು, ಇಬ್ಬರು ಹಾಲೆಂಡಿನವರು, ಒಬ್ಬ ಸ್ಕಾಟ್ಲೆಂಡಿನವನು. ಇಲ್ಲಿ ಹುಟ್ಟಿದವನು ಒಬ್ಬನೂ ಇಲ್ಲ! 1966ರ ಅವರ 'ಫ್ರೈಡೇ ಆನ್ ಮೈ ಮೈಂಡ್' ಲಂಡನ್ ತನಕ ಹೋಯಿತು. ಅವರಲ್ಲಿದ್ದ ಸ್ಕಾಟ್ಲೆಂಡಿನ ಜಾರ್ಜ್ ಯಂಗ್‌ನ ತಮ್ಮಂದಿರು ಮಾಲ್ಕಮ್ ಮತ್ತು ಆಂಗಸ್. ಅವರ ಬ್ಯಾಂಡೇ ಎಸಿ ಡಿಸಿ, 1973ರ ಡಿಸೆಂಬರ್ 31ರ ರಾತ್ರಿ ಸಿಡ್ನಿಯ 'ಚೆಕರ್ಸ್' ಕ್ಲಬ್ಬಿನಲ್ಲಿ ಮೊದಲ ಕಛೇರಿ. ಅವರ ಆಲ್ಬಂಗಳನ್ನು ತಂದ ಆಲ್ಬರ್ಟ್ಸ್ ಕಂಪನಿ ಮೊದಲು ಊರ ನಡುವಿನ ಕಿಂಗ್ ಸ್ಟ್ರೀಟಿನಲ್ಲಿತ್ತು, ಆಮೇಲೆ ನಮ್ಮ ಪಕ್ಕದ ನ್ಯೂಟ್ರಲ್ ಬೇಗೆ ಬಂತು. ನನ್ನ ಮನೆಯಿಂದ ನಡೆದೇ ಹೋಗಬಹುದು.

ಈಗ ಅಭಿಪ್ರಾಯದ ವಿಷಯ. 1976ರಲ್ಲಿ ಎಸಿ ಡಿಸಿಯ 'ಹೈ ವೋಲ್ಟೇಜ್' ಅಮೆರಿಕದಲ್ಲಿ ಬಿಡುಗಡೆಯಾದಾಗ 'ರೋಲಿಂಗ್ ಸ್ಟೋನ್' ಪತ್ರಿಕೆ ಅದನ್ನು ಹಿಗ್ಗಾಮುಗ್ಗಾ ಬೈದಿತ್ತು. ಅವರ ಮುಂದಿನ ಆಲ್ಬಂ 'ಡರ್ಟಿ ಡೀಡ್ಸ್' ಅಮೆರಿಕಕ್ಕೆ ಬೇಡ ಅಂತ ಅಲ್ಲಿನ ಕಂಪನಿ ಕೈಬಿಟ್ಟಿತು, 1981ರ ತನಕ ಹೊರಗೆ ತರಲಿಲ್ಲ. ನಡುವೆ 1980ರ ಫೆಬ್ರವರಿಯಲ್ಲಿ ಹಾಡುಗಾರ ಬಾನ್ ಸ್ಕಾಟ್ ಲಂಡನ್ನಿನಲ್ಲಿ ಕುಡಿದು, ನಿಲ್ಲಿಸಿದ್ದ ಕಾರಿನಲ್ಲಿ ಒಬ್ಬನೇ ಮಲಗಿದ್ದಾಗ ಸತ್ತ. (ಎಚ್ಚರ ತಪ್ಪುವಷ್ಟು ಕುಡಿದವರನ್ನು "ಮಲಗಲಿ ಬಿಡು" ಅಂತ ಒಂಟಿಯಾಗಿ ಬಿಟ್ಟು ಬರಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಜೊತೆಗಿರಿ, ಆಂಬುಲೆನ್ಸ್ ಕರೆಯಿರಿ.) ಐದೇ ತಿಂಗಳಿಗೆ ಉಳಿದವರು ಹೊಸ ಹಾಡುಗಾರನ ಜೊತೆ 'ಬ್ಯಾಕ್ ಇನ್ ಬ್ಲ್ಯಾಕ್' ತಂದರು. ಸೂತಕಕ್ಕೆ ಹೊದಿಸಿದ ಹಾಗೆ ಮುಖಪುಟ ಪೂರ್ತಿ ಕಪ್ಪು. ಶುರುವಿಗೆ ನಿಧಾನವಾಗಿ ಗಂಟೆ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಆಲ್ಬಂಗಳ ಸಾಲಿನಲ್ಲಿ ಅದು ನಿಂತಿತು. ಪಂಡಿತರ ಮಾತು ಕೇಳಿದ್ದರೆ ಆ ಹುಡುಗರು 1976ರಲ್ಲೇ ಗಿಟಾರ್ ಮಾರಬೇಕಿತ್ತು.

ಮೆಲ್ಬರ್ನಿನ 'ಸ್ಕೈಹುಕ್ಸ್' ಬ್ಯಾಂಡಿನ ಕಥೆ ಇನ್ನೂ ತಮಾಷೆ. 1974ರ ಅವರ ಆಲ್ಬಮ್ಮಿನ ಹತ್ತು ಹಾಡಲ್ಲಿ ಆರನ್ನು ಖಾಸಗಿ ರೇಡಿಯೋಗಳು ಅಸಭ್ಯ ಅಂತ ನಿಷೇಧಿಸಿದವು. 1975ರ ಜನವರಿ 19ರಂದು ಸಿಡ್ನಿಯಲ್ಲಿ ಸರ್ಕಾರಿ ಎಬಿಸಿಯ ಹೊಸ ಯುವ ರೇಡಿಯೋ 'ಡಬಲ್ ಜೆ' ಶುರುವಾದಾಗ ಮೊಟ್ಟಮೊದಲು ಹಾಕಿದ್ದು ಆ ನಿಷೇಧಿತ ಹಾಡುಗಳಲ್ಲಿ ಒಂದನ್ನೇ! ಆಕಾಶವಾಣಿ ಭದ್ರಾವತಿ ಹೀಗೆ ಮಾಡುವುದನ್ನು ಊಹಿಸಿಕೊಳ್ಳಿ. ಅದೇ ಕಾಲಕ್ಕೆ ಮೆಲ್ಬರ್ನಿನಿಂದ 'ಕೌಂಟ್‌ಡೌನ್' ಟಿವಿ ಕಾರ್ಯಕ್ರಮ ಬಂತು, ಭಾನುವಾರ ಸಂಜೆ ನಮ್ಮ ಚಿತ್ರಹಾರದ ಹಾಗೆ ಮನೆಮಂದಿಯೆಲ್ಲ ಕೂತು ನೋಡುತ್ತಿದ್ದರು.

ಆ ಡಬಲ್ ಜೆ ಮುಂದೆ 'ಟ್ರಿಪಲ್ ಜೆ' ಆಗಿ, 1989ರಿಂದ ಕೇಳುಗರ ಮತ ಹಾಕಿಸಿ 'ಹಾಟೆಸ್ಟ್ 100' ಪಟ್ಟಿ ಮಾಡತೊಡಗಿತು. ನಮ್ಮ ನೈಟ್ ಶಿಫ್ಟಿನಲ್ಲೂ ಇದರ ಮೇಲೆ ಪಂದ್ಯ ಕಟ್ಟುತ್ತಾರೆ. 2009ರಲ್ಲಿ ಸಾರ್ವಕಾಲಿಕ ನೂರು ಹಾಡುಗಳಿಗೆ ಮತ ಕೇಳಿದರು. ಬಂದ ಪಟ್ಟಿಯಲ್ಲಿ ಸ್ವಂತ ಹೆಸರಿನಲ್ಲಿ ಹಾಡಿದ ಹೆಣ್ಣುಮಗಳು ಒಬ್ಬಳೂ ಇರಲಿಲ್ಲ! ಬ್ಯಾಂಡಿನ ಮಧ್ಯೆ ಅಲ್ಲೊಬ್ಬಳು ಇಲ್ಲೊಬ್ಬಳು, ಅಷ್ಟೆ. ಹೆಲೆನ್ ರೆಡ್ಡಿಯ ದೇಶದಲ್ಲಿ! ದೊಡ್ಡ ಗದ್ದಲವಾಯಿತು. ವರ್ಷದ ಪಟ್ಟಿಯಲ್ಲಿ ಒಬ್ಬ ಗಾಯಕಿ ತನ್ನೊಬ್ಬಳ ಹೆಸರಿನಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು 2019ರ ಪಟ್ಟಿಯಲ್ಲಿ, ಬಿಲ್ಲಿ ಐಲಿಷ್. ಅವಳೂ ಅಮೆರಿಕದವಳು. ಪಟ್ಟಿಗಳು ತಾವಾಗಿ ಸುಳ್ಳು ಹೇಳುವುದಿಲ್ಲ, ಆದರೆ ಜಗಲಿಯ ಮೇಲೆ ಯಾರು ಕೂತಿದ್ದರು, ಯಾರು ಒಳಗಿದ್ದರು ಅನ್ನುವುದು ಅವುಗಳಲ್ಲಿ ಕಾಣುತ್ತದೆ.

ನನಗೆ ಇದು ಹೊಸದಲ್ಲ. 2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ಬ್ಯಾಂಡ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ನಾನು ಅದೇ ಊರಿನಲ್ಲಿ ನರ್ಸಿಂಗ್ ಓದುತ್ತಿದ್ದೆ. ಅಣ್ಣ ಸಾಗರದಿಂದ ರಾತ್ರಿ ಬಸ್ಸು ಹತ್ತಿ ಬಂದ, ಮಳೆಯಲ್ಲಿ ನೆಂದು ಕುಣಿದು ವಾಪಸ್ ಹೋದ. ನಮ್ಮ ಹಾಸ್ಟೆಲಿನ ಗೇಟಿಗೆ ಏಳು ಗಂಟೆಗೇ ಬೀಗ. ಅಣ್ಣನ ಕ್ಯಾಸೆಟ್ಟುಗಳನ್ನು ಅವನಿಗಿಂತ ಹೆಚ್ಚು ಸಲ ಕೇಳಿದವಳು ನಾನು, ಮಾತಾಡುವ ಅಧಿಕಾರ ಅವತ್ತು ಮಳೆಯಲ್ಲಿ ನೆಂದವನಿಗೆ ಸಿಕ್ಕಿತು. ಆಮೇಲೆ ವರ್ಷಗಟ್ಟಲೆ "ನೀನು ನೋಡಿಲ್ವಲ್ಲ" ಅನ್ನುತ್ತಿದ್ದ. ಅಣ್ಣಾ, ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಸ್ವಲ್ಪ ಸಿಟ್ಟಿದೆ.

2010ರಲ್ಲಿ ಇಲ್ಲಿನ ಮೂವರು ಸಂಗೀತ ಪತ್ರಕರ್ತರು ಆಸ್ಟ್ರೇಲಿಯಾದ ನೂರು ಶ್ರೇಷ್ಠ ಆಲ್ಬಂಗಳ ಪುಸ್ತಕ ತಂದರು. ಮೂವರೂ ಗಂಡಸರು. ಮೊದಲ ಸ್ಥಾನ ಮಿಡ್‌ನೈಟ್ ಆಯಿಲ್‌ನ 'ಡೀಸೆಲ್ ಅಂಡ್ ಡಸ್ಟ್' (1987), ಎರಡನೆಯದು 'ಬ್ಯಾಕ್ ಇನ್ ಬ್ಲ್ಯಾಕ್'. ಮೂಲನಿವಾಸಿಗಳಿಗೆ ಅವರ ನೆಲ ವಾಪಸ್ ಕೊಡಿ ಅಂತ ಹೇಳುವ ಆಲ್ಬಂ 'ಡೀಸೆಲ್ ಅಂಡ್ ಡಸ್ಟ್', ಅದರ ಬಗ್ಗೆ ನನಗೆ ಗೌರವವಿದೆ. ಆದರೆ ನೆಲ ಕಳೆದುಕೊಂಡವರ ದನಿಯಲ್ಲೇ ಕೇಳಬೇಕೆಂದರೆ ಆರ್ಚಿ ರೋಚ್‌ನ 'ಚಾರ್ಕೋಲ್ ಲೇನ್' (1990) ಕೇಳಿ. ತಾಯಿಯಿಂದ ಕಿತ್ತುಕೊಂಡು ಹೋದ ಮಗು ದೊಡ್ಡವನಾಗಿ ಹಾಡಿದ್ದು. ಗಿಟಾರಿನ ಅಬ್ಬರ ಇಲ್ಲ, ಹಾಗಾಗಿ ರಾಕ್ ಅಲ್ಲ ಅನ್ನುವವರಿದ್ದಾರೆ. ಅನ್ನಲಿ. ನನ್ನ ಪಟ್ಟಿಯಲ್ಲಿ ಅದು ಮೊದಲು, 'ಬ್ಯಾಕ್ ಇನ್ ಬ್ಲ್ಯಾಕ್' ಎರಡನೆಯದು, 'ಡೀಸೆಲ್' ಮೂರನೆಯದು. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವರು 'ಚಾರ್ಕೋಲ್ ಲೇನ್' ಕೇಳಿ ಸುಮ್ಮನೆ ಎದ್ದು ಹೋಗಲಾರರು.

ಲಿಲಿಯನ್‌ಳ ಕಾಗದಪತ್ರಗಳು ಸಿಡ್ನಿಯ ರಾಜ್ಯ ಗ್ರಂಥಾಲಯದಲ್ಲಿವೆ. ರೈಲಿನಲ್ಲಿ ಸೇತುವೆ ದಾಟಿದರೆ ಹತ್ತು ಹದಿನೈದು ನಿಮಿಷ. ಮುಂದಿನ ವಾರ ಎರಡು ದಿನ ರಜೆ ಇದೆ, ನೋಡಲು ಬಿಡುತ್ತಾರಾ ಕೇಳುತ್ತೇನೆ.

ನಿಮ್ಮ ಪಟ್ಟಿ ಕಳಿಸಿ. ರಾಕ್ ಆಗಬೇಕೆಂದಿಲ್ಲ, 'ನಿತ್ಯೋತ್ಸವ'ದ ಎ ಬದಿ ಚೆನ್ನಾಗಿದೆಯಾ ಬಿ ಬದಿಯಾ ಅಂತಾದರೂ ಬರೆಯಿರಿ. ಅಮ್ಮ, ಅತ್ತೆ, ಅತ್ತಿಗೆ ಮೊದಲು ಬರೆಯಬೇಕು. "ನಮಗೇನು ಗೊತ್ತಾಗುತ್ತೆ" ಅಂತ ಬರೆದ ಕಮೆಂಟನ್ನು ಡಿಲೀಟ್ ಮಾಡುತ್ತೇನೆ. ಅಣ್ಣನ ಸರದಿ ಕೊನೆಗೆ.